ಗೂಡ್ಸು ದಾಟುವ ತನಕ

ಬಾಣಾವರದ ಮದುವೆಯಲ್ಲಿ, ಧಾರೆಯ ಹೊತ್ತಿಗೆ,
ಕ್ಲಾರಿನೆಟ್ಟಿನ ರೀಡು ಕೆಂಪಾಗಿತ್ತು.
ಎಲಡಿಕೆ ಅಂದುಕೊಂಡ ಡ್ರಮ್ಮಿನ ಕಲ್ಲೇಶ.
ನಾನು ಅವತ್ತು ಎಲೆ ಮುಟ್ಟಿರಲಿಲ್ಲ.

ಒಸಡು ಒಸರುತ್ತಿತ್ತು.
ಬೆಳಿಗ್ಗೆ ಉಗುಳಿದರೆ ಬಚ್ಚಲುಗಲ್ಲಿನ ಮೇಲೆ
ಯಾರೋ ಕುಂಕುಮ ಕಲಸಿಟ್ಟ ಹಾಗೆ.
ಮುಂದಲ್ಲು ಎರಡು, ನಾಲಿಗೆ ತಾಗಿದರೆ
ಸವೆದ ಚಿಲಕದಂತೆ ಆಡುತ್ತಿದ್ದವು.
ಹಾಸನದ ಡಾಕ್ಟರು ಕನ್ನಡಿ ತೂರಿಸಿ ನೋಡಿ
ಕೀಳೋಣ, ಸೆಟ್ಟು ಕಟ್ಟೋಣ ಅಂದರು.
ಸೆಟ್ಟು ಅಂದರೆ ನನಗೆ ಗೊತ್ತಿರುವುದು ಬ್ಯಾಂಡ್‌ಸೆಟ್ಟು ಒಂದೇ.
ಊದೋನಿಗೆ ಉಸಿರು ಹೊಲ, ಹಲ್ಲು ಬೇಲಿ
ಅನ್ನುತ್ತಿದ್ದ ಅಪ್ಪ.

ಕೀಮ್ಯಾನ್ ದ್ಯಾವೀರಯ್ಯ ಸಿಕ್ಕಿದ್ದು
ಅರಸೀಕೆರೆ ಸ್ಟೇಷನ್ನಿನ ಹೊರಗೆ, ಟೀ ಅಂಗಡಿಯಲ್ಲಿ,
ಹೆಗಲಿಗೆ ಸ್ಪ್ಯಾನರು, ಕೈಯಲ್ಲಿ ಸುತ್ತಿಗೆ.
ಇಪ್ಪತ್ತೊಂಬತ್ತು ವರ್ಷ ಹಳಿಯ ಮೇಲೆ ನಡೆದವನು.
ಯಾವ ಕಿಲೋಮೀಟರು ಕಲ್ಲಿನ ಮಗ್ಗುಲಿಗೆ ಏನು ಬೆಳೆದಿದೆ
ಅಂತ ಕಣ್ಣು ಮುಚ್ಚಿ ಹೇಳುತ್ತಾನೆ.
‘ಬಾಯಿ ತೆಗಿ’ ಅಂದ. ತೆಗೆದೆ.
ಉಗುರಿನಲ್ಲಿ ಹಲ್ಲಿಗೆ ಟಣ್ಣನೆ ತಟ್ಟಿ
ಕಿವಿ ಕೊಟ್ಟ.

‘ಹಳಿ ನೆಟ್ಟಗೇ ಐತೆ ಕಣೋ ಗವಿರಂಗ.
ಜಲ್ಲಿ ಕರಗೈತೆ.
ಜಲ್ಲಿ ಹೋದ್ಮೇಲೆ ಹಳಿ ಏನ್ಮಾಡೀತು?’

ಮಾರನೆಯ ದಿನ ಬುತ್ತಿ ಡಬ್ಬಿಯಲ್ಲಿ
ಕರಿಜಾಲಿ ತೊಗಟೆ, ಉತ್ತರಾಣಿ ಬೇರು ಒಂದು ಹಿಡಿ,
ಗೇಟ್‌ಮನ್ ಹಿತ್ತಲಿನ ಸೀಬೆ ಚಿಗುರು.
ಮರಕ್ಕೆ ನೋವಾಗದಂತೆ ಒಂದೇ ಮಗ್ಗುಲಲ್ಲಿ ಕೆತ್ತಿದ್ದನಂತೆ.
ಸೇರು ನೀರು ಪಾವಿಗೆ ಇಳಿಯಲಿ, ಕಲ್ಲುಪ್ಪು ಚಿಟಿಕೆ,
ಬೇರಿನ ತುದಿ ಜಜ್ಜಿ ಕುಂಚ ಮಾಡಿಕೋ,
ಒಸಡನ್ನು ಉಜ್ಜಬೇಡ, ಸವರು,
ಕೂಸಿನ ನೆತ್ತಿಗೆ ಎಣ್ಣೆ ಸವರಿದಂಗೆ.
ಹೊಗೆಸೊಪ್ಪು ಹಾಕಬಹುದಾ ಅಂದೆ.
ಸುತ್ತಿಗೆ ತೋರಿಸಿದ.

‘ಕಷಾಯ ಎಷ್ಟೊತ್ತು ಬಾಯಲ್ಲಿ ಹಿಡೀಬೇಕು?’
‘ಗೂಡ್ಸು ದಾಟೋ ತನಕ.’

ನಮ್ಮ ಹಿತ್ತಲಿನ ಬೇಲಿ ದಾಟಿದರೆ ಹಳಿ.
ಸಂಜೆ ಆರೂಕಾಲರ ಹೊತ್ತಿಗೆ ಅದಿರಿನ ಗೂಡ್ಸು.
ಒಗರು ಅಂದರೆ ಒಗರು, ಕೆನ್ನೆ ಒಳಕ್ಕೆ ಮಡಚಿಕೊಳ್ಳುವ ಒಗರು.
ಹದಿನೆಂಟನೆಯ ವ್ಯಾಗನ್ನಿಗೆ ಕಣ್ಣಲ್ಲಿ ನೀರು,
ಮೂವತ್ತಕ್ಕೆ ದವಡೆ ನನ್ನದೇ ಅಲ್ಲ.
ಮಾಳಮ್ಮ ಇದೇ ಹೊತ್ತು ನೋಡಿ
ಮನೆಯ ಲೆಕ್ಕ ತೆಗೆಯುತ್ತಿದ್ದಳು,
ನಾನು ಎದುರಾಡುವಂತಿಲ್ಲವಲ್ಲ.
ಐವತ್ತೆಂಟು ವ್ಯಾಗನ್ನಿನಷ್ಟು ಉದ್ದದ ಅವಳ ಮಾತನ್ನು
ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ
ನಾನು ಪೂರ್ತಿ ಕೇಳಿದ್ದೇ ಇಲ್ಲ.
ನಲವತ್ತೊಂದನೆಯದೋ ನಲವತ್ತೆರಡನೆಯದೋ ಹೋಗುವಾಗ ಅಂದಳು:
‘ನಂಗೂ ಎಡದವಡೆ ಒಂದೊರ್ಷದಿಂದ ಕೀವು. ಯಾರು ಕೇಳ್ತಾರೆ.’

ಮಾರನೆ ಸಂಜೆಯಿಂದ ಲೋಟ ಎರಡು.
ಒಗೆಯುವ ಕಲ್ಲಿನ ಮೇಲೆ ಗಂಡ ಹೆಂಡತಿ
ಕೆನ್ನೆ ಉಬ್ಬಿಸಿಕೊಂಡು ಕೋತಿಗಳಂತೆ ಕೂತು
ಬೆರಳಲ್ಲಿ ಎಣಿಸುವುದು.
ಒಮ್ಮೆ ನಗು ಬಂದು ಅವಳದಷ್ಟೂ ನನ್ನ ಅಂಗಿಗೆ.
ಜಾಲಿಯ ಕಲೆ. ಹೋಗಲಿಲ್ಲ.

ಮಾಘದ ಹೊತ್ತಿಗೆ ಕೆಂಪು ನಿಂತಿತು.
ಎಡದ ಮುಂದಲ್ಲು ಮಾತ್ರ ನಿಲ್ಲಲಿಲ್ಲ,
ಒಂದು ಬೆಳಿಗ್ಗೆ ರೊಟ್ಟಿಯಲ್ಲೇ ಉಳಿಯಿತು.
ಮಾಡಿನ ಮೇಲೆ ಎಸೆದು ಹೊಸದು ಬೇಡುವ ವಯಸ್ಸಲ್ಲ.
ಕ್ಲಾರಿನೆಟ್ಟಿನ ಪೆಟ್ಟಿಗೆಯಲ್ಲಿ, ಹಳೇ ರೀಡುಗಳ ಜೊತೆ, ಇದೆ.

ಆಮೇಲೆ ಜೋಡಿ ಹಳಿ ಬಂತು, ಆ ಜಾಲಿ ಹೋಯಿತು.
ಬೇರೆ ಮರ ತೋರಿಸಿದ್ದಾನೆ, ದೂರ.

ಮೊನ್ನೆ ಅವನ ಮೊಮ್ಮಗಳ ಮದುವೆಗೆ ನಮ್ಮದೇ ಸೆಟ್ಟು.
ಬಲದ ಹಲ್ಲಿಗೆ ಕಚ್ಚಿ ಊದಿದೆ. ಮೇಲಿನ ನಿಷಾದಕ್ಕೆ
ಸಣ್ಣಗೆ ಗಾಳಿ ಬೆರೆಯುತ್ತದೆ ಈಗ.
ದ್ಯಾವೀರಯ್ಯ ಕಂಬಕ್ಕೆ ಒರಗಿ
ಹಳಿಗೆ ಕಿವಿ ಕೊಡುವ ಹಾಗೇ ಕೇಳಿ
ಊಟಕ್ಕೆ ಕೂತಾಗ ಅಂದ:
‘ಒಂದು ಫಿಶ್‌ಪ್ಲೇಟು ಇಲ್ಲ.
ಗಾಡಿ ಹೋಗ್ತದೆ. ನಿಧಾನಕ್ಕೆ ಬಿಡು.’